ಹೊತ್ತು ನಡೆವ ದೋಣಿ

ನಮ್ಮ ಯಲ್ದೂರಿನ ಸೀಮೆಯಲ್ಲಿ ಜೀವನದಿಯಿಲ್ಲ, ಇರುವುದು ಕೆರೆಗಳಷ್ಟೆ. ಕೆರೆ ಕೋಡಿಬಿದ್ದ ವರ್ಷ ಬಾಲಕರಾಗಿದ್ದ ನಮಗೆ ಬಾಳೆದಿಂಡಿನ ತೆಪ್ಪವೇ ಹಡಗಾಗಿದ್ದಿತು. ಮುಂದೆ ತುಂಗಭದ್ರೆಯ ದಡದ ಆನೆಗೊಂದಿಯಲ್ಲಿ ಹರಿಗೋಲನ್ನು ಹತ್ತಿದಾಗ ಅದೇ ಹಿಗ್ಗು ಮರಳಿತು.

ಹರಿಗೋಲೆಂದರೆ ಬಿದಿರಿನ ದುಂಡು ಬುಟ್ಟಿ. ಹಿಂದಿನವರು ಅದಕ್ಕೆ ತೊಗಲನ್ನು ಹೊದಿಸುತ್ತಿದ್ದರು. 1520ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪಾಯೆಸನು, ಅದು 15–20 ಜನರನ್ನು ಹೊರುವುದೆಂದೂ ನೆಟ್ಟಗೆ ಸಾಗದೆ ಸುತ್ತುತ್ತಲೇ ಹೋಗುವುದೆಂದೂ ಬರೆದಿರುವನು. ನಾವೂ ಸುತ್ತಿದೆವು, ನಕ್ಕೆವು. ದಡ ಸೇರಿದೊಡನೆ ಅಂಬಿಗನು ದೋಣಿಯನ್ನೇ ಬೋರಲಾಗಿ ತಲೆಯ ಮೇಲೆ ಹೊತ್ತು ನಡೆದನು!

ದೋಣಿಯನ್ನು ಹೊತ್ತೊಯ್ಯಬಹುದು, ನೀರನ್ನು ಹಾಗೆ ಒಯ್ಯಲಾಗದು. ಆದುದರಿಂದ ಗೃಹಸ್ಥರು ಕೆರೆಯ ಹೂಳನ್ನು ತೆಗೆಸಿ ಕಾಲುವೆಗಳನ್ನು ಕಾಯಬೇಕು. ಬೆಳೆಗೆ ನೀರಾಗುವುದಲ್ಲದೆ, ಮಕ್ಕಳ ತೆಪ್ಪಕ್ಕೂ ಎಡೆಯಾದೀತು.