ನಲ್ಲಿಗೂ ಒಬ್ಬ ನೀರುಗಂಟಿ ಬೇಕು!

ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದ ಶೆಟ್ಟಿಹಳ್ಳಿ ಈಗ ನಾಡಿಗೆಲ್ಲ ಗೊತ್ತಿರುವ ಹೆಸರು. ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುವ ಹಳೇ ಚರ್ಚು ಅಲ್ಲಿದೆ. 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಭಾನುವಾರ ಬಂತೆಂದರೆ ಕಾರುಗಳ ಸಾಲು, ಫೋಟೋ ತೆಗೆಯುವವರ ಗದ್ದಲ. ಗೋಡೆಯ ಮೇಲೆ ನೀರು ನಿಂತ ಗುರುತನ್ನು ಬೆರಳಿಟ್ಟು ತೋರಿಸುವವರು ಬೇಕಾದಷ್ಟು ಮಂದಿ. ಆದರೆ ಆ ನೀರು ಅಲ್ಲಿಂದ ಎಲ್ಲಿಗೆ ಹೋಯಿತು, ಯಾರ ಮನೆ ನಲ್ಲಿಯಲ್ಲಿ ಸುರಿಯಿತು ಎಂದು ಕೇಳುವವರು ಎಷ್ಟು ಜನ?

ಉತ್ತರ ಬಲು ಸುಲಭ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ತಿಯಾಯಿತು. ಸುಮಾರು 37 ಟಿಎಂಸಿ ನೀರು ಹಿಡಿಯುವ ಜಲಾಶಯ. ಅದರ ಹಿನ್ನೀರಿಗೆ ಶೆಟ್ಟಿಹಳ್ಳಿಯಂಥ ಊರುಗಳು ಹೋದವು, ಜನ ಗಂಟುಮೂಟೆ ಕಟ್ಟಿಕೊಂಡು ಬೇರೆ ಕಡೆ ನೆಲೆ ಕಂಡುಕೊಂಡರು. ಆ ನೀರಿನಿಂದ ಗದ್ದೆಗಳು ಹಸಿರಾದವು. ಕಾಲುವೆ ತುಮಕೂರು ಜಿಲ್ಲೆವರೆಗೂ ಹೋಯಿತು. ಹಾಸನ ನಗರದ ನಲ್ಲಿಗಳಿಗೂ ಅದೇ ಹೇಮಾವತಿ ಬಂದಳು.

ಬಂದವಳಿಗೆ ಇಲ್ಲಿ ಸಿಕ್ಕ ಮರ್ಯಾದೆ ಏನು? ಬೆಳಿಗ್ಗೆ ಬಸ್ ಹಿಡಿಯಲು ಹೊರಟವರು ಯಾವ ಬಡಾವಣೆಯಲ್ಲಾದರೂ ನೋಡಬಹುದು. ಯಜಮಾನರು ಪೈಪಿನ ತುದಿಯನ್ನು ದಾಸವಾಳದ ಬುಡಕ್ಕೆ ಸಿಗಿಸಿ ನಲ್ಲಿ ತಿರುಗಿಸಿ ಒಳಗೆ ಹೋಗುತ್ತಾರೆ. ಕಾಫಿ ಆಗುತ್ತದೆ, ಪೇಪರ್ ಆಗುತ್ತದೆ, ಮೊಬೈಲಿನಲ್ಲಿ ಭಾವಮೈದುನನ ಜೊತೆ ಮಾತೂ ಆಗುತ್ತದೆ. ಇತ್ತ ದಾಸವಾಳದ ಪಾತಿ ತುಂಬಿ, ಅಂಗಳ ತುಂಬಿ, ಗೇಟಿನಡಿಯಿಂದ ನೀರು ರಸ್ತೆಗೆ ಇಳಿಯುತ್ತದೆ. ಇಸ್ತ್ರಿ ಹಾಕಿದ ಪ್ಯಾಂಟು ಎತ್ತಿಕೊಂಡು ದಾಟಬೇಕಾದ ಪಾಡು ಪಾದಚಾರಿಗಳದು. ಯಾರಾದರೂ ಕೂಗಿ ಹೇಳಿದರೆ, "ಅಯ್ಯೋ, ಮರೆತೇಬಿಟ್ಟೆ ಕಣ್ರೀ" ಎಂಬ ಉತ್ತರ.

ಮರೆವಿಗೆ ಮದ್ದಿಲ್ಲ ಎನ್ನುವುದು ಹಳೇ ಮಾತು. ಈ ಮರೆವಿಗಂತೂ ಮದ್ದು ಬಂದಿದೆ. ಅದರ ಹೆಸರು ನಲ್ಲಿ ಟೈಮರ್.

ಇದೇನು ಮಹಾ ಯಂತ್ರವಲ್ಲ

ನಲ್ಲಿಯ ಮೂತಿಗೂ ಪೈಪಿಗೂ ನಡುವೆ ತಿರುಗಿಸಿ ಕೂರಿಸುವ ಅಂಗೈಯಗಲದ ಪೆಟ್ಟಿಗೆ ಅದು. ಅದರಲ್ಲಿ ಎರಡು ಜಾತಿ. ಮೊದಲನೆಯದು ಕೀ ಕೊಡುವ ಟೈಮರ್. ಹಳೇ ಅಲಾರಂ ಗಡಿಯಾರದ ಸಂತತಿ. 10 ನಿಮಿಷಕ್ಕೋ 20 ನಿಮಿಷಕ್ಕೋ ಗುಂಡಿ ತಿರುಗಿಸಿದರೆ ನೀರು ಹರಿಯುತ್ತದೆ. ಒಳಗಿನ ಸ್ಪ್ರಿಂಗ್ ಸಡಿಲವಾಗುತ್ತಾ ಬಂದು ಹೊತ್ತಿಗೆ ಸರಿಯಾಗಿ ಬಾಯಿ ಮುಚ್ಚುತ್ತದೆ. ಕರೆಂಟು ಬೇಡ, ಸೆಲ್ಲು ಬೇಡ. ಎರಡನೆಯದು ಸೆಲ್ ಹಾಕುವ ಟೈಮರ್. ದಿನಾ ಇಷ್ಟು ಗಂಟೆಗೆ ಶುರು, ಇಷ್ಟು ನಿಮಿಷಕ್ಕೆ ನಿಲುಗಡೆ ಎಂದು ಒಮ್ಮೆ ಒತ್ತಿಟ್ಟರೆ ತಾನೇ ತೆರೆದು ತಾನೇ ಮುಚ್ಚುತ್ತದೆ. ಮನೆಯವರು ಧರ್ಮಸ್ಥಳಕ್ಕೆ ಹೋಗಿದ್ದರೂ ಗಿಡಕ್ಕೆ ನೀರು.

ಕೇಳಿದ ಕೂಡಲೇ ಎಲ್ಲರಿಗೂ ಎರಡನೆಯದೇ ಬೇಕೆನಿಸುತ್ತದೆ. ಕೂತಲ್ಲೇ ಕೆಲಸ ಆಗುವುದು ಯಾರಿಗೆ ಬೇಡ? ಆದರೆ ನಮ್ಮಂಥ ಊರುಗಳಿಗೆ ಒಪ್ಪುವುದು ಮೊದಲನೆಯದೇ. ಕಾರಣ ಇಷ್ಟೆ. ನೀರು ಪೋಲಾಗುವುದು ನಲ್ಲಿ ತೆರೆಯಲು ಮರೆತವರಿಂದ ಅಲ್ಲ, ಮುಚ್ಚಲು ಮರೆತವರಿಂದ. ತೆರೆಯಲು ಮನುಷ್ಯನ ಕೈ ಸಾಕು. ಯಂತ್ರ ಬೇಕಾಗಿರುವುದು ಮುಚ್ಚುವುದಕ್ಕೆ.

ಹಿರಿಯರಿಗೆ ಇದು ತಿಳಿದಿತ್ತು. ಹಳೇ ಮೈಸೂರು ಸೀಮೆಯ ಕೆರೆಯುಳ್ಳ ಊರುಗಳಲ್ಲಿ ನೀರುಗಂಟಿ ಎಂಬವನಿದ್ದ. ಕೆರೆಯ ತೂಬು ಅವನ ಸುಪರ್ದು. ಸುಗ್ಗಿಯಲ್ಲಿ ರೈತರು ಅವನಿಗೆ ಕಾಳು ಅಳೆದುಕೊಡುತ್ತಿದ್ದರು. ತೂಬು ಎತ್ತುವುದು ಯಾರಿಗೂ ಬಂದೀತು. ಒಬ್ಬನ ಗದ್ದೆಗೆ ಸಾಕಾದ ಕ್ಷಣ ಮಡೆ ಕಟ್ಟಿ, ಕೊನೇ ಗದ್ದೆಯ ಬಡವನಿಗೂ ನೀರು ಮುಟ್ಟಿಸುವುದು ಅವನ ಕಸುಬು. ಅವನಿಗೆ ಕೂಲಿ ಸಂದಿದ್ದು ಮುಚ್ಚಿದ್ದಕ್ಕೆ. ಕೆರೆಗೆ ಇದ್ದ ಆ ಕಾವಲು ನಲ್ಲಿಗೆ ಇಲ್ಲವಾಯಿತು.

ಒಂದು ಬಕೆಟ್ಟಿನ ಲೆಕ್ಕ

ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಆದರೂ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ. ಪೈಪಿನ ತುದಿಯನ್ನು 15 ಲೀಟರಿನ ಬಕೆಟ್ಟಿಗೆ ಇಟ್ಟು ಗಡಿಯಾರ ನೋಡಬೇಕು. ಒಂದು ನಿಮಿಷದಲ್ಲಿ ಬಕೆಟ್ ತುಂಬಿತು ಎನ್ನೋಣ. ಹಾಗಿದ್ದರೆ ಅರ್ಧ ಗಂಟೆ ಬಿಟ್ಟ ಪೈಪಿನಿಂದ ಬಿದ್ದ ನೀರು 450 ಲೀಟರ್. ಅಂಗಳದಲ್ಲಿ 40 ಕುಂಡವಿದೆ, ಒಂದೊಂದಕ್ಕೆ ಒಂದೊಂದು ಲೀಟರ್ ಎಂದರೆ ಬೇಕಾದದ್ದು 40 ಲೀಟರ್, ಅಂದರೆ ಮೂರು ನಿಮಿಷಕ್ಕೂ ಕಮ್ಮಿ. ಮಿಕ್ಕ 410 ಲೀಟರ್ ಯಾರ ಲೆಕ್ಕಕ್ಕೆ? ಚರಂಡಿಯ ಲೆಕ್ಕಕ್ಕೆ.

2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ ಗೊತ್ತುಮಾಡಿದ ನೀರು 55 ಲೀಟರ್. ಕುಡಿಯಲು, ಬೇಯಿಸಲು, ಮೀಯಲು, ಬಟ್ಟೆ ಒಗೆಯಲು ಎಲ್ಲ ಸೇರಿ. ಅರ್ಧ ಗಂಟೆಯ ಮರೆವು ಏಳು ಜನರ ಒಂದು ದಿನದ ನೀರನ್ನು ಚರಂಡಿಗೆ ಚೆಲ್ಲಿತು ಎಂದಾಯಿತು.

"37 ಟಿಎಂಸಿ ಜಲಾಶಯ ಪಕ್ಕದಲ್ಲಿರುವಾಗ ನನ್ನ ಪೈಪಿನದು ಏನ್ ಮಹಾ, ಬುಡಿ ಸ್ವಾಮಿ" ಎನ್ನುವವರಿದ್ದಾರೆ. ಜಲಾಶಯದ ಲೆಕ್ಕಕ್ಕೆ ಅದು ಮಹಾ ಅಲ್ಲ, ನಿಜ. ಆದರೆ ನಲ್ಲಿಗೆ ಬರುವುದು ಹೊಳೆಯ ನೀರಲ್ಲ. ಪಂಪು ಮಾಡಿ ತಂದು, ಶುದ್ಧ ಮಾಡಿ, ಕ್ಲೋರಿನ್ ಬೆರೆಸಿ, ಮೇಲಿನ ಟ್ಯಾಂಕಿಗೆ ಮತ್ತೆ ಪಂಪು ಮಾಡಿದ ನೀರು. ಹೆಜ್ಜೆ ಹೆಜ್ಜೆಗೂ ಕರೆಂಟು, ಕೂಲಿ, ಊರಿನವರ ತೆರಿಗೆ. ಅದಕ್ಕಿಂತ ದೊಡ್ಡ ಮಾತೂ ಒಂದಿದೆ. ಬೀದಿಗೆ ನೀರು ಬಿಡುವುದು ಒಂದು ಹೊತ್ತು. ಆ ಹೊತ್ತಿನಲ್ಲಿ ತಗ್ಗಿನ ನಾಲ್ಕು ಮನೆಯವರು ಗಿಡಕ್ಕೆ ಪೈಪು ಬಿಟ್ಟು ಕೂತರೆ ಏರಿನ ಕೊನೇ ಮನೆಯ ನಲ್ಲಿ ಬುಸ್ ಎಂದು ಗಾಳಿ ಬಿಡುತ್ತದೆ. ಆ ಮನೆಯಾಕೆ ಕೊಡ ಹಿಡಿದು ಕಾಯುತ್ತಿರುವುದು ಗಿಡಕ್ಕಲ್ಲ, ಅನ್ನದ ಎಸರಿಗೆ.

ಬೆಂಗಳೂರು ಈ ಪಾಠವನ್ನು ದಂಡ ಕಟ್ಟಿ ಕಲಿಯಿತು. 2024ರ ಮಾರ್ಚಿಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿನ ಹಿಂದೆ ಜನ ಓಡುವಂತಾದಾಗ ಅಲ್ಲಿನ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಕೂಡದೆಂದು ಅಪ್ಪಣೆ ಹೊರಡಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಹೇಮಾವತಿ ತೀರದವರು ಅಲ್ಲಿಯವರೆಗೆ ಕಾಯಬೇಕೆ?

ಕೊಳ್ಳುವ ಮುಂಚೆ ಕೇಳಿ

ಟೈಮರ್ ಒಳ್ಳೆಯದೆಂದು ಕಣ್ಣು ಮುಚ್ಚಿ ಕೊಂಡರೆ ದುಡ್ಡು ದಂಡ. ಸೆಲ್ ಹಾಕುವ ಟೈಮರುಗಳಲ್ಲಿ ಹಲವು ನೀರಿನ ಒತ್ತಡ ಚೆನ್ನಾಗಿದ್ದರೆ ಮಾತ್ರ ಕೆಲಸ ಮಾಡುವಂಥವು. ತಾರಸಿ ಮೇಲಿನ ಸಿಂಟೆಕ್ಸ್ ತೊಟ್ಟಿಯಿಂದ ಅಂಗಳದ ನಲ್ಲಿಗೆ ಇಳಿಯುವ ನೀರಿನಲ್ಲಿ ಅಷ್ಟು ಒತ್ತಡವಿರುವುದಿಲ್ಲ. 10 ಮೀಟರ್ ಎತ್ತರದಿಂದ ಇಳಿದರೆ ಒಂದು ಬಾರ್ ಒತ್ತಡ. ಒಂದಂತಸ್ತಿನ ಮನೆಯಲ್ಲಿ ಅದರ ಅರ್ಧವೂ ಸಿಕ್ಕುವುದು ಕಷ್ಟ. ಆದ್ದರಿಂದ "ತೊಟ್ಟಿ ನೀರಿಗೆ ನಡೆಯುತ್ತದೆಯೇ?" ಎಂದು ಅಂಗಡಿಯಲ್ಲೇ ಕೇಳಬೇಕು. ನಲ್ಲಿಯ ಮೂತಿ ಅರ್ಧ ಇಂಚೋ ಮುಕ್ಕಾಲು ಇಂಚೋ, ಅದನ್ನೂ ನೋಡಿಕೊಂಡು ಹೋಗಬೇಕು.

ಬೀದಿ ನೀರಿನ ನಲ್ಲಿಗೆ ಸೆಲ್ಲಿನ ಟೈಮರ್ ಹಾಕುವುದಂತೂ ನಗೆಪಾಟಲು. ಟೈಮರ್ ಬೆಳಿಗ್ಗೆ ಆರಕ್ಕೆ ಬಾಯಿ ತೆರೆಯುತ್ತದೆ, ನೀರು ಬರುವುದು ಒಂಬತ್ತಕ್ಕೆ. ಗಿಡಕ್ಕೆ ಸಿಕ್ಕುವುದು ಬರೀ ಗಾಳಿ. ಇನ್ನು ಬಾಯಿ ತೆರೆದಿರುವಾಗಲೇ ಸೆಲ್ ಸತ್ತರೆ ಕೆಲವು ಟೈಮರುಗಳು ತೆರೆದ ಬಾಯಿ ತೆರೆದಂತೆಯೇ ನಿಲ್ಲುತ್ತವೆ. ಮನೆಯವರು ಊರಿನಿಂದ ಬರುವಷ್ಟರಲ್ಲಿ ತೊಟ್ಟಿಯೂ ಖಾಲಿ, ಸಂಪೂ ಖಾಲಿ.

ಎಲ್ಲಕ್ಕಿಂತ ಮಿಗಿಲಾಗಿ, ಈ ಯಂತ್ರಕ್ಕೆ ಆಕಾಶ ನೋಡಲು ಬರುವುದಿಲ್ಲ. ಹೊರಗೆ ಮುಂಗಾರು ಧಾರಾಕಾರ ಸುರಿಯುತ್ತಿರುತ್ತದೆ, ಪೈಪು ತನ್ನ ಪಾಡಿಗೆ ಗಿಡಕ್ಕೆ ನೀರು ಬಿಡುತ್ತಿರುತ್ತದೆ! ಕೀ ಕೊಡುವ ಟೈಮರಿನಲ್ಲಿ ಈ ಹುಚ್ಚಾಟವಿಲ್ಲ. ತೆರೆಯಲು ಮನುಷ್ಯ ಅಂಗಳಕ್ಕೆ ಬರಲೇಬೇಕು. ಬಂದವನು ಮಣ್ಣು ಮುಟ್ಟಿ ನೋಡುತ್ತಾನೆ, ಮೋಡ ನೋಡುತ್ತಾನೆ, ಬೇಡವೆನಿಸಿದರೆ ವಾಪಸು ಹೋಗುತ್ತಾನೆ.

ಕುಂಡಗಳು ಜಾಸ್ತಿ ಇದ್ದವರು ಟೈಮರಿಗೆ ಹನಿ ಪೈಪು ಜೋಡಿಸಿಕೊಂಡರೆ ಇನ್ನೂ ಲಾಭ. ಗಂಟೆಗೆ 2 ಲೀಟರ್ ತೊಟ್ಟಿಕ್ಕುವ ಮೂತಿಯಾದರೆ 40 ಕುಂಡಕ್ಕೆ ಅರ್ಧ ಗಂಟೆಗೆ 40 ಲೀಟರ್. ಅದೇ ಅರ್ಧ ಗಂಟೆ, ಆದರೆ 450 ಹೋಗಿ 40 ಆಯಿತು. ನೀರು ಬಿಡುವುದು ಮುಂಜಾನೆಯೋ ಸಂಜೆಯೋ ಆಗಬೇಕು. ನಡುಮಧ್ಯಾಹ್ನ ಬಿಟ್ಟರೆ ಬಿಸಿಲಿನ ಪಾಲೇ ಹೆಚ್ಚು.

ಹೊಲದಲ್ಲಿ ನಡೆದಿರುವುದೂ ಇದೇ

ತೆರೆಯುವ ಯಂತ್ರವಿದ್ದು ಮುಚ್ಚುವ ಯಂತ್ರವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಪಂಪ್‌ಸೆಟ್ ಮನೆಯೊಳಗೆ ಇಣುಕಿದರೆ ಸಾಕು. ಅಲ್ಲಿ ಆಟೋ ಸ್ಟಾರ್ಟರ್ ಎಂಬ ಪೆಟ್ಟಿಗೆಯಿದೆ. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಮೋಟಾರು ತಾನೇ ಶುರು. ಗದ್ದೆ ತುಂಬಿದರೂ ಓಡುತ್ತದೆ, ಬದು ಒಡೆದರೂ ಓಡುತ್ತದೆ, ಕರೆಂಟು ಹೋಗುವವರೆಗೂ ಓಡುತ್ತದೆ. ಹತ್ತಾರು ಮೋಟಾರುಗಳು ಒಂದೇ ಗಳಿಗೆಗೆ ಎದ್ದು ನಿಂತರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಆಮೇಲೆ ವಾರಗಟ್ಟಲೆ ಕತ್ತಲೆ, ಆಫೀಸಿಗೆ ಅಲೆದಾಟ.

ಇದಕ್ಕೆ ರೈತನನ್ನು ಬೈದು ಸುಮ್ಮನಾಗುವುದು ಅನ್ಯಾಯ. ರಾತ್ರಿ ಹೊತ್ತು ಕರೆಂಟು ಕೊಟ್ಟರೆ ಅವನೇನು ಮಾಡಬೇಕು? ಕತ್ತಲಲ್ಲಿ ಹಾವು ಹುಳದ ಭಯ. ಆಲೂರು, ಸಕಲೇಶಪುರ, ಬೇಲೂರು ಕಡೆ ಆನೆಯ ಭಯ ಬೇರೆ. ಸ್ವಿಚ್ ಒತ್ತಲು ಪ್ರಾಣ ಪಣಕ್ಕಿಡು ಎನ್ನಲು ಯಾರಿಗೂ ಬಾಯಿಲ್ಲ. 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಕರೆಂಟು ಪುಕ್ಕಟೆ ಎಂಬುದು ನಿಜ. ಆದರೆ ಪುಕ್ಕಟೆ ಕರೆಂಟು ಅಂತರ್ಜಲವನ್ನು ಪುಕ್ಕಟೆ ಮಾಡಲಿಲ್ಲ. ಬಾವಿ ಬತ್ತಿದಾಗ ಹೊಸ ಬೋರ್ ಕೊರೆಸಲು ಸಾಲ ಮಾಡುವವನು ಅದೇ ರೈತ. ಹೊತ್ತಿಗೆ ನಿಲ್ಲಿಸುವ ಟೈಮರ್ ಅವನ ಸ್ಟಾರ್ಟರಿಗೂ ಸಿಕ್ಕುತ್ತದೆ. ಆಟೋ ಸ್ಟಾರ್ಟರ್ ಕಿತ್ತುಹಾಕಿ ಎಂದು ಬರೀ ಉಪದೇಶ ಮಾಡುವುದಕ್ಕಿಂತ ಹಗಲು ಕರೆಂಟು ಕೊಟ್ಟು, ನಿಲುಗಡೆಯ ಟೈಮರ್ ಹಾಕಿಸಿಕೊಡುವುದು ಮೇಲು.

ಆಗಬೇಕಾದ್ದೇನು?

ದೊಡ್ಡ ಯೋಜನೆ, ಕೋಟಿ ರೂಪಾಯಿ, ಶಂಕುಸ್ಥಾಪನೆ ಯಾವುದೂ ಬೇಡ. ನೀರು ಬಿಡುವ ಹೊತ್ತನ್ನು ನಗರಾಡಳಿತ ಬೀದಿವಾರು ಮುಂಚೆಯೇ ತಿಳಿಸಿ, ಹೇಳಿದ ಹೊತ್ತಿಗೇ ಬಿಡಲಿ. ಪಾರ್ಕುಗಳಲ್ಲಿ, ಸರ್ಕಾರಿ ಕಚೇರಿಗಳ ಹುಲ್ಲುಹಾಸಿನಲ್ಲಿ ಪೈಪು ಬಿಟ್ಟು ಟೀ ಕುಡಿಯಲು ಹೋಗುವ ಪದ್ಧತಿ ಮೊದಲು ನಿಲ್ಲಲಿ. ಅಲ್ಲಿನ ನಲ್ಲಿಗಳಿಗೆ ಮೊದಲು ಟೈಮರ್ ಬೀಳಲಿ, ಜನ ನೋಡಿ ಕಲಿಯುತ್ತಾರೆ. ಚೆಸ್ಕಾಂನವರು ಹಗಲು ಹೊತ್ತು ಪಂಪ್‌ಸೆಟ್ಟಿಗೆ ಕರೆಂಟು ಹೆಚ್ಚಿಸುವ ದಾರಿ ನೋಡಲಿ.

ಹಾರ್ಡ್‌ವೇರ್ ಅಂಗಡಿಯವರು ಬಣ್ಣದ ಪೈಪಿನ ಸುರುಳಿ ನೇತುಹಾಕಿದಲ್ಲೇ ಕೀ ಕೊಡುವ ಟೈಮರನ್ನೂ ನೇತುಹಾಕಲಿ. ಗಿರಾಕಿಗೆ ಬಕೆಟ್ ಲೆಕ್ಕ ಹೇಳಿಕೊಟ್ಟರೆ ವ್ಯಾಪಾರವೂ ಆಯಿತು, ಊರಿಗೆ ಉಪಕಾರವೂ ಆಯಿತು. ಬೆಳಿಗ್ಗೆ ಅಂಗಡಿ ಮುಂದೆ ಧೂಳು ಕೂರಲೆಂದು ಪೈಪಿನಲ್ಲಿ ರಸ್ತೆ ಮೀಯಿಸುವವರು ಒಂದು ಬಕೆಟ್ ನೀರನ್ನು ಕೈಯಲ್ಲಿ ಚಿಮುಕಿಸಿದರೂ ಧೂಳು ಕೂರುತ್ತದೆ. ಲಕ್ಷ್ಮಿಯೇನೂ ಮುನಿಸಿಕೊಳ್ಳುವುದಿಲ್ಲ.

ಟೈಮರ್ ಕೊಳ್ಳಲು ಆಗದವರಿಗೆ ಅಡಿಗೆಮನೆಯ ಕುಕ್ಕರ್ ಇದೆ. ಒಲೆ ಮೇಲಿಟ್ಟು ನಲ್ಲಿ ತಿರುಗಿಸಿ, ಮೊದಲ ವಿಷಲ್‌ಗೆ ಬಂದು ನಿಲ್ಲಿಸಿದರೂ ಆದೀತು. ಕೈಯಲ್ಲಿರುವ ಮೊಬೈಲಿನ ಅಲಾರಂ ಅಂತೂ ಕಾಸು ಕೇಳುವುದಿಲ್ಲ. ಹೇಗಾದರೂ ಸರಿ, ತೆರೆದ ನಲ್ಲಿಗೆ ಮುಚ್ಚುವ ಹೊತ್ತು ಮೊದಲೇ ಗೊತ್ತಾಗಿರಬೇಕು.

ಒಂದು ಊರು ತನ್ನ ಮನೆ, ಮಠ, ಹೊಲ, ಸಮಾಧಿಗಳನ್ನು ಬಿಟ್ಟು ಎದ್ದದ್ದು ಇನ್ನೊಂದು ಊರಿನ ಜನ ಬಾಯಾರಬಾರದೆಂದು. ಆ ನೀರಿಗೆ ಬೆಲೆ ಕಟ್ಟುವುದು ಯಾರಿಂದಲೂ ಆಗದ ಮಾತು. ಮೂರು ನಿಮಿಷಕ್ಕೆ ನಲ್ಲಿ ಮುಚ್ಚುವುದಾದರೂ ಆಗಬೇಡವೇ?