ದೊಡ್ಡ ಕಿಟ್ ಆಮೇಲೆ, ಮೊದಲು ಒಂದು ಎಲ್‌ಇಡಿ ಉರಿಸೋಣ



ನಮ್ಮ ಚರ್ಚಿನ ಯುವಕರ ಕೋಣೆಯ ಕಪಾಟಿನಲ್ಲಿ ಒಂದು ಪೆಟ್ಟಿಗೆ ಇದೆ. ಅದರೊಳಗೆ ಆರ್ಡುಯಿನೊ ಬೋರ್ಡು, ಸೆನ್ಸರುಗಳು, ಪುಟ್ಟ ಮೋಟಾರು, ಬಣ್ಣಬಣ್ಣದ ತಂತಿಗಳು ಎಲ್ಲವೂ ಇವೆ. ಕಳೆದ ವರ್ಷ ನಾವೆಲ್ಲ ಹಣ ಹಾಕಿ ತರಿಸಿದ್ದು. ಮೊದಲ ಭಾನುವಾರ ಬಲಿಪೂಜೆ ಮುಗಿದ ಮೇಲೆ ಹದಿನೆಂಟು ಮಂದಿ ಸೇರಿದ್ದರು. ಎರಡನೆಯ ಭಾನುವಾರ ಒಂಬತ್ತು ಮಂದಿ. ನಾಲ್ಕನೆಯ ಭಾನುವಾರ ಪೆಟ್ಟಿಗೆ ಕಪಾಟು ಸೇರಿತು.

ತಪ್ಪು ಮಕ್ಕಳದ್ದಲ್ಲ, ನಮ್ಮದು. ವಿಡಿಯೊ ನೋಡುತ್ತಾ ತಂತಿ ಚುಚ್ಚಿದೆವು, ಬೇರೆ ಯಾರೋ ಬರೆದ ಪ್ರೋಗ್ರಾಮು ಹಾಕಿದೆವು, ದೀಪ ಮಿನುಗಿತು, ಚಪ್ಪಾಳೆ ತಟ್ಟಿದೆವು. ಆಗ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಅಕ್ಕಾ, ಈ ಪಟ್ಟೆ ಪಟ್ಟೆಯ ಸಣ್ಣದು ಯಾಕೆ ಹಾಕಿದ್ದು? ತೆಗೆದರೆ ಏನಾಗುತ್ತದೆ?" ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮಲ್ಲಿ ಬಿಎಸ್ಸಿ ಮುಗಿಸಿದವರಿದ್ದೆವು. ಓಮನ ನಿಯಮವನ್ನು ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿಲ್ಲ! ಆದರೂ "ವಿಡಿಯೊದಲ್ಲಿ ಹಾಗೇ ಹೇಳಿದ್ದಾರೆ" ಎಂದುಬಿಟ್ಟೆವು. ಮುಂದಿನ ವಾರ ಅವಳು ಬರಲಿಲ್ಲ.

ಅದಕ್ಕೇ ಈ ಬರಹ. ಏನೂ ಗೊತ್ತಿಲ್ಲದವರು ಎಲೆಕ್ಟ್ರಾನಿಕ್ಸ್ ಕಲಿಯುವುದಾದರೆ ದೊಡ್ಡ ಕಿಟ್‌ನಿಂದ ಶುರು ಮಾಡಬಾರದು ಎಂಬುದು ಈಗ ನಮ್ಮ ಅಭಿಪ್ರಾಯ. ಆರ್ಡುಯಿನೊ ಕೆಟ್ಟದ್ದು ಅಂತಲ್ಲ. ಅದರಲ್ಲಿ ಕೆಲಸ ಬೇಗ ಆಗಿಬಿಡುತ್ತದೆ, ಅದೇ ತೊಂದರೆ. ದೀಪ ಮಿನುಗಿದರೆ ಯಾಕೆ ಮಿನುಗಿತು ಎಂದು ಗೊತ್ತಿರುವುದಿಲ್ಲ, ಮಿನುಗದಿದ್ದರೆ ಎಲ್ಲಿ ಹುಡುಕಬೇಕೆಂದೂ ಗೊತ್ತಿರುವುದಿಲ್ಲ.

ನಮ್ಮ ವಾಳೆಯಲ್ಲಿ ಹಿಂದೆ ರೇಡಿಯೊ, ಟಿವಿ ರಿಪೇರಿ ಮಾಡುತ್ತಿದ್ದ ಅಂಕಲ್ ಒಬ್ಬರಿದ್ದಾರೆ. ಅವರ ಹತ್ತಿರ ಹೋಗಿ ಕಥೆ ಹೇಳಿದಾಗ ನಕ್ಕರು. "ಕೆರೆಯಲ್ಲಿ ಈಜಲು ಬಾರದವರು ಕಡಲಿಗೆ ಹಾರಿದ ಹಾಗಾಯಿತು, ಮಕ್ಕಳೇ" ಎಂದು ನಾಲ್ಕೇ ಸಾಮಾನು ಬರೆದುಕೊಟ್ಟರು: 9 ವೋಲ್ಟಿನ ಒಂದು ಬ್ಯಾಟರಿ, ಕೆಲವು ಕೆಂಪು ಎಲ್‌ಇಡಿ, 470 ಓಮಿನ ಕೆಲವು ರೆಸಿಸ್ಟರು, ಒಂದು ಸಾದಾ ಮಲ್ಟಿಮೀಟರು. ನಾವು ಒಂದು ಬ್ರೆಡ್‌ಬೋರ್ಡನ್ನೂ ಸೇರಿಸಿಕೊಂಡೆವು, ಬೆಸುಗೆ ಹಾಕದೆಯೇ ಜೋಡಿಸಿ ಬಿಚ್ಚಬಹುದಲ್ಲ.

ಇಷ್ಟರಲ್ಲೇ ಎಷ್ಟೊಂದು ಪಾಠವಿದೆ ನೋಡಿ. ಕೆಂಪು ಎಲ್‌ಇಡಿ ಉರಿಯುವಾಗ ಅದರ ಎರಡು ಕಾಲುಗಳ ನಡುವೆ ಸುಮಾರು 2 ವೋಲ್ಟ್ ಇರುತ್ತದೆ. ಬ್ಯಾಟರಿಯದ್ದು 9. ಉಳಿದ 7 ವೋಲ್ಟನ್ನು ರೆಸಿಸ್ಟರು ತೆಗೆದುಕೊಳ್ಳಬೇಕು. 7ನ್ನು 470ರಿಂದ ಭಾಗಿಸಿದರೆ 0.015, ಅಂದರೆ 15 ಮಿಲಿ ಆಂಪಿಯರ್. ಸಾಮಾನ್ಯ ಎಲ್‌ಇಡಿ ತಡೆದುಕೊಳ್ಳುವುದು 20ರವರೆಗೆ. ಹಾಗಾಗಿ ಅದು ಕ್ಷೇಮ. ಎಲ್‌ಇಡಿಯ ಉದ್ದದ ಕಾಲು ಪ್ಲಸ್ ಕಡೆಗೆ ಇರಬೇಕು. ರೆಸಿಸ್ಟರಿನ ಪಟ್ಟೆಗಳು ಹಳದಿ, ನೇರಳೆ, ಕಂದು ಇದ್ದರೆ 4, 7, ಮುಂದೆ ಒಂದು ಸೊನ್ನೆ, ಅಂದರೆ 470. ಇನ್ನು ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ ರೆಸಿಸ್ಟರಿನ ಎರಡು ತುದಿಗೆ ಹಿಡಿಯಿರಿ, ಸುಮಾರು 7. ಎಲ್‌ಇಡಿಗೆ ಹಿಡಿಯಿರಿ, ಸುಮಾರು 2. ಕೂಡಿಸಿದರೆ ಬ್ಯಾಟರಿಯದ್ದೇ ಲೆಕ್ಕ ಬರುತ್ತದೆ. ಇದನ್ನು ಕಣ್ಣಾರೆ ಕಂಡ ದಿನ ನಮ್ಮ ಬಿಎಸ್ಸಿಗೆ ಒಂದು ಅರ್ಥ ಬಂತು ಎಂದರೆ ಉತ್ಪ್ರೇಕ್ಷೆಯಲ್ಲ.

ಎರಡನೆಯ ಹೆಜ್ಜೆಗೆ 555 ಟೈಮರ್ ಐಸಿ ಸಾಕು. ಹಾನ್ಸ್ ಕಾಮೆನ್‌ಝಿಂಡ್ ಎಂಬವರು 1971ರಲ್ಲಿ ರೂಪಿಸಿದ ಈ ಎಂಟು ಕಾಲಿನ ಚಿಪ್ ಇಂದಿಗೂ ಅಂಗಡಿಗಳಲ್ಲಿ ಸಿಗುತ್ತದೆ. 1 ಕಿಲೋ ಓಮ್, 68 ಕಿಲೋ ಓಮ್ ರೆಸಿಸ್ಟರುಗಳು, 10 ಮೈಕ್ರೊಫ್ಯಾರಡ್ ಕೆಪಾಸಿಟರು ಸೇರಿಸಿದರೆ ಎಲ್‌ಇಡಿ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸಲ ಮಿನುಗುತ್ತದೆ. ಕಂಪ್ಯೂಟರೂ ಬೇಡ, ಪ್ರೋಗ್ರಾಮೂ ಬೇಡ. 68ರ ಜಾಗದಲ್ಲಿ ಬೇರೆ ರೆಸಿಸ್ಟರು ಹಾಕಿ ನೋಡಿದರೆ ವೇಗ ಬದಲಾಗುವುದು ಕಾಣುತ್ತದೆ.

"ಇದಕ್ಕೆಲ್ಲ ಯಾಕಿಷ್ಟು ಕಷ್ಟ? ನೂರಿನ್ನೂರು ರೂಪಾಯಿಗೆ ಮಿನುಗುವ ಸೀರಿಯಲ್ ಸೆಟ್ಟೇ ಸಿಗುತ್ತದಲ್ಲ" ಎಂದು ಕೇಳುವವರಿದ್ದಾರೆ. ಸರಿ, ಗೋದಲಿಯನ್ನೇ ನೆನಪಿಸಿಕೊಳ್ಳಿ. ಬತ್ತದ ಪೈರು ಬೆಳೆಸಿ, ದಿನಾ ನೀರು ಚಿಮುಕಿಸಿ, ಒದ್ದೆ ಮಣ್ಣಿನ ಮೇಲೆಯೇ ಸೀರಿಯಲ್ ಸೆಟ್ ಹರಡುತ್ತೇವೆ. ಅಗ್ಗದ ಸೆಟ್ಟುಗಳಲ್ಲಿ ಹೆಚ್ಚಿನವು ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರವಾಗಿ 230 ವೋಲ್ಟಿಗೇ ಸೇರಿರುತ್ತವೆ. ಬಲ್ಬು ಸಣ್ಣದು, ಆದರೆ ತಂತಿಯ ಸಿಪ್ಪೆ ಹರಿದರೆ ಕೈಗೆ ತಾಗುವುದು ಮನೆಯ ಕರೆಂಟೇ. ಆ ಗೋದಲಿಯ ಮುಂದೆ ಕೈಚಾಚಿ ನಿಲ್ಲುವುದು ನಮ್ಮ ಪುಟ್ಟ ತಮ್ಮ ತಂಗಿಯರು. ಇಷ್ಟು ವರ್ಷ ನಾವೇ ಕಟ್ಟಿದ ಗೋದಲಿಗಳಲ್ಲಿ ಇದು ಹೊಳೆದಿರಲಿಲ್ಲ.

ಅದಕ್ಕೆ ಈ ಸಲ ನಕ್ಷತ್ರದ ದೀಪ ನಾವೇ ಮಾಡುವುದೆಂದು ತೀರ್ಮಾನಿಸಿದ್ದೇವೆ. ಒಳ್ಳೆಯ ಸ್ಥಿತಿಯಲ್ಲಿರುವ ಹಳೆಯ ಮೊಬೈಲ್ ಚಾರ್ಜರಿನಿಂದ 5 ವೋಲ್ಟ್ ತೆಗೆದುಕೊಳ್ಳುತ್ತೇವೆ. ಚಾರ್ಜರು ಗೋದಲಿಯಿಂದ ದೂರ, ಒಣಗಿದ ಜಾಗದಲ್ಲಿರುತ್ತದೆ. ಲೆಕ್ಕ ಅದೇ: 5ರಲ್ಲಿ 2 ಕಳೆದರೆ 3, ಒಂದೊಂದು ಎಲ್‌ಇಡಿಗೂ 220 ಓಮ್ ಹಾಕಿದರೆ 14 ಮಿಲಿ ಆಂಪಿಯರಿನ ಹತ್ತಿರ. ಕಲಿಯುವವರಿಗೆ ನಮ್ಮ ನಿಯಮ ಒಂದೇ: ಬ್ಯಾಟರಿ ಅಥವಾ ಚಾರ್ಜರಿನ ಆಚೆಗಿನ ಕಡಿಮೆ ವೋಲ್ಟಿನಲ್ಲಿ ಏನು ಬೇಕಾದರೂ ಮಾಡಿ ನೋಡಿ, ಗೋಡೆಯ ಪ್ಲಗ್ಗಿನ ಕರೆಂಟಿಗೆ ಮಾತ್ರ ಕೈ ಹಾಕಬೇಡಿ. ಚಾರ್ಜರನ್ನೂ ಬಿಚ್ಚಬೇಡಿ.

ಇನ್ನೊಂದು ಮಾತು. ಕಾಸರಗೋಡಿನ ನಾವು ಮನೆಯಲ್ಲಿ ಕೊಂಕಣಿಯೋ ತುಳುವೋ ಮಾತಾಡುತ್ತೇವೆ, ಶಾಲೆಯಲ್ಲಿ ಕನ್ನಡ ಓದುತ್ತೇವೆ, ಅಂಗಡಿಯಲ್ಲಿ ಮಲಯಾಳದಲ್ಲಿ ಕೇಳುತ್ತೇವೆ, ವಿಡಿಯೊ ಇಂಗ್ಲಿಷಿನಲ್ಲಿ ನೋಡುತ್ತೇವೆ. ಇದರ ನಡುವೆ ಕನ್ನಡ ಮಾಧ್ಯಮದ ಮಕ್ಕಳು "ಇದು ನಮಗಲ್ಲ" ಎಂದು ಹಿಂದೆ ಸರಿಯುತ್ತಾರೆ. ಆದರೆ ಅವರ ಪುಸ್ತಕದಲ್ಲಿ 'ವಿಭವಾಂತರ' ಇದೆ, 'ರೋಧ' ಇದೆ. ಮೀಟರಿನ ಮೇಲೆ ಕಾಣುವ ವೋಲ್ಟು ಅದೇ ವಿಭವಾಂತರ, ಆ ಪಟ್ಟೆ ಪಟ್ಟೆಯದ್ದೇ ರೋಧ ಎಂದು ಪಕ್ಕದಲ್ಲಿ ಕೂತು ಹೇಳುವವರು ಬೇಕು, ಅಷ್ಟೇ. ಅದು ನಮ್ಮಂಥ ಯುವಕ ಯುವತಿಯರ ಕೆಲಸ. ದುಡ್ಡು ಹಾಕಿ ಕಿಟ್ ತರಿಸಿದ ಮಾತ್ರಕ್ಕೆ ಆ ಕೆಲಸ ಮುಗಿಯುವುದಿಲ್ಲ.

ಆ ಎಂಟನೇ ತರಗತಿಯ ಹುಡುಗಿಯ ಮನೆಗೆ ಹೋಗಿ "ಆವತ್ತು ನಮಗೇ ಉತ್ತರ ಗೊತ್ತಿರಲಿಲ್ಲ, ಬಾ, ತೆಗೆದೇ ನೋಡೋಣ" ಎಂದು ಕರೆದೆವು. ಬಂದಳು. ರೆಸಿಸ್ಟರು ತೆಗೆದು ಎಲ್‌ಇಡಿಯನ್ನು ನೇರ ಬ್ಯಾಟರಿಗೆ ಕೊಟ್ಟಳು. ಒಮ್ಮೆ ಜೋರಾಗಿ ಹೊಳೆದು ಸತ್ತಿತು. ಸ್ವಲ್ಪ ಹೊತ್ತು ಅದನ್ನೇ ನೋಡಿ, "ಹಾಗಾದರೆ ಅದು ಕಾವಲಿಗೆ ಇದ್ದದ್ದು" ಎಂದಳು. ಕೆಲವು ರೂಪಾಯಿಯ ಎಲ್‌ಇಡಿ ಹೋಯಿತು, ಆ ಪಾಠವನ್ನು ಇನ್ನು ಅವಳು ಮರೆಯುವುದಿಲ್ಲ.

ನೀವೂ ಬನ್ನಿ. ಭಾನುವಾರ ಬಲಿಪೂಜೆಯ ನಂತರ ಒಂದು ಗಂಟೆ ಸಾಕು. ಪ್ಲಸ್ ಯಾವುದು, ಮೈನಸ್ ಯಾವುದು ಎಂದು ಗೊತ್ತಿಲ್ಲದವರು ಮುಂದಿನ ಸಾಲಿನಲ್ಲೇ ಕೂರಿ. ಕಪಾಟಿನ ಪೆಟ್ಟಿಗೆಯನ್ನೂ ಒಂದು ದಿನ ತೆರೆಯೋಣ, ಅದರೊಳಗೆ ಇರುವುದು ಏನೆಂದು ನಮಗೆ ಗೊತ್ತಾದ ಮೇಲೆ.