ಹೊರಬಾಗಿಲಿನ ಕಾವಲು

ಬೇಡದ ಪತ್ರಗಳನ್ನು ಶಪಿಸುವವರೆಲ್ಲರೂ ತಮ್ಮ ಪೆಟ್ಟಿಗೆಗೆ ಬಂದು ಬಿದ್ದುದನ್ನು ಕುರಿತೇ ಶಪಿಸುತ್ತಾರೆ. ಅದು ಯಾವ ಬಾಗಿಲಿನಿಂದ ಹೊರಟಿತೆಂದು ಕೇಳುವವರು ವಿರಳ. ಮೇಲ್ ಸರ್ವರನ್ನು ನಡೆಸುವವನಿಗಾದರೋ ಇದೇ ಮೊದಲ ಪ್ರಶ್ನೆ.

ಈ ಪೀಡೆ ಹೊಸದಲ್ಲ. ೧೯೭೮ರ ಮೇ ತಿಂಗಳಿನಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯ ಗ್ಯಾರಿ ಥರ್ಕ್ ಎಂಬವರು ತಮ್ಮ ಕಂಪ್ಯೂಟರುಗಳ ಪ್ರದರ್ಶನಕ್ಕೆ ಕರೆಯುವ ಒಂದೇ ಪತ್ರವನ್ನು ಅರ್ಪಾನೆಟ್ ಜಾಲದ ಸುಮಾರು ೪೦೦ ಮಂದಿಗೆ ಕಳುಹಿಸಿದರು. ೧೯೮೨ರಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ನಿಯಮಾವಳಿಯಲ್ಲಿಯೂ ಪತ್ರ ತಂದವನು ಯಾರೆಂದು ಪರೀಕ್ಷಿಸುವ ಏರ್ಪಾಡು ಇರಲಿಲ್ಲ. ಒಬ್ಬರ ಪತ್ರವನ್ನು ಇನ್ನೊಬ್ಬರ ಯಂತ್ರ ಮುಂದಕ್ಕೆ ಸಾಗಿಸುವುದು ಅಂದಿನ ನೆರೆಹೊರೆಯ ಸೌಜನ್ಯ. ೧೯೯೦ರ ದಶಕದಲ್ಲಿ ವ್ಯಾಪಾರಿಗಳು ಆ ಸೌಜನ್ಯವನ್ನೇ ಧರ್ಮಛತ್ರವಾಗಿಸಿಕೊಂಡು ಕಂಡವರ ಸರ್ವರುಗಳಿಂದ ಜಾಹೀರಾತುಗಳನ್ನು ಹರಿಯಬಿಟ್ಟರು. ಅದರ ಪ್ರತಿಫಲವಾಗಿ ಆ ದಶಕದ ಕೊನೆಯಲ್ಲಿ ಕರಿಪಟ್ಟಿಗಳು ಹುಟ್ಟಿದವು.

ಸಂಕಟವಿರುವುದು ಇಲ್ಲಿಯೇ. ಕರಿಪಟ್ಟಿಗೆ ಏರುವುದು ಸಾಮಾನ್ಯವಾಗಿ ತಪ್ಪಿತಸ್ಥನ ಹೆಸರಲ್ಲ, ಸರ್ವರಿನ ವಿಳಾಸ. ಒಬ್ಬನ ಖಾತೆಯಿಂದ ಕಸ ಹೊರಟರೆ ಅದೇ ಸರ್ವರನ್ನು ನಂಬಿದ ಸಾವಿರ ಮಂದಿಯ ಪತ್ರಗಳು ಪರರ ಹೊಸ್ತಿಲಲ್ಲಿ ತಿರಸ್ಕೃತವಾಗುತ್ತವೆ. ಕೆಲಸಕ್ಕೆ ಹಾಕಿದ ಅರ್ಜಿಯೂ, ವೈದ್ಯರಿಗೆ ಕಳುಹಿಸಿದ ರೋಗಿಯ ವರದಿಯೂ ಅವುಗಳಲ್ಲಿರಬಹುದು.

ಹಾಗಾದರೆ ಕಾವಲು ಹೇಗೆ? ಮೊದಲನೆಯದು ಗುರುತು. ೧೯೯೮ರಲ್ಲಿ ಬಳಕೆದಾರರ ಪತ್ರಗಳಿಗೆಂದೇ ೫೮೭ ಎಂಬ ಪ್ರತ್ಯೇಕ ದ್ವಾರವೂ, ೧೯೯೯ರಲ್ಲಿ ಗುರುತು ಸಾಬೀತುಪಡಿಸುವ ವಿಧಾನವೂ ನಿಗದಿಯಾದವು. ಗುರುತು ಹೇಳದವನ ಪತ್ರವನ್ನು ಹೊರಗಿನವರಿಗೆ ಸಾಗಿಸಲೇಬಾರದು. ಎರಡನೆಯದು, ರಾಮಣ್ಣನಾಗಿ ಒಳಬಂದವನು ಭೀಮಣ್ಣನ ಹೆಸರಿನಲ್ಲಿ ಬರೆಯದಂತೆ ತಡೆಯುವುದು.

ಇಷ್ಟರಿಂದಲೇ ನಿಶ್ಚಿಂತೆಯಿಲ್ಲ. ಎಷ್ಟೋ ವೇಳೆ ಕಸ ಕಳುಹಿಸುವವನು ಬಳಕೆದಾರನೇ ಅಲ್ಲ, ಅವನ ಪಾಸ್‌ವರ್ಡನ್ನು ಕದ್ದವನು. ಕಳ್ಳನ ಕೈಯಲ್ಲಿಯೂ ಬೀಗದಕೈ ಇರುವಾಗ ಬೀಗವೊಂದೇ ಏನು ಮಾಡೀತು? ಆದುದರಿಂದ ಮೂರನೆಯದಾದ ಮಿತಿ ಬೇಕು. ಗಂಟೆಗೆ ಎಷ್ಟು ಪತ್ರವೆಂದು ಎಣಿಸಿದರೆ ಸಾಲದು, ಎಷ್ಟು ಮಂದಿಗೆ ಎಂದು ಎಣಿಸಬೇಕು. ಒಂದೇ ಪತ್ರಕ್ಕೆ ಐನೂರು ವಿಳಾಸಗಳಿರಬಹುದಷ್ಟೆ. ದಿನಕ್ಕೆ ೨೦ ಪತ್ರ ಬರೆಯುವವನು ನಡುರಾತ್ರಿಯಲ್ಲಿ ೨,೦೦೦ ಮಂದಿಗೆ ಬರೆದರೆ, ಅದರಲ್ಲಿಯೂ ಬಹುಪಾಲು ವಿಳಾಸವಿಲ್ಲವೆಂದು ಮರಳಿದರೆ, ಕಳ್ಳ ಒಳಹೊಕ್ಕನೆಂದೇ ಶಂಕಿಸಬೇಕು.

ಆಗ ಕ್ರಮ ತಪ್ಪಬಾರದು. ಖಾತೆಯನ್ನು ತಡೆದು, ಸರದಿಯಲ್ಲಿರುವ ಪತ್ರಗಳನ್ನು ಹಿಡಿದಿಟ್ಟು, ಪಾಸ್‌ವರ್ಡ್ ಬದಲಿಸಿ, ತೆರೆದಿರುವ ಸಂಪರ್ಕಗಳನ್ನೆಲ್ಲ ಮುರಿಯಬೇಕು. ಕರಿಪಟ್ಟಿಯವರಿಗೆ ಬಿನ್ನವಿಸಿಕೊಳ್ಳುವುದು ಆಮೇಲೆ. ತೂತು ಮುಚ್ಚದೆ ಬೇಡಿಕೊಂಡರೆ ಹೆಸರು ಮತ್ತೆ ಪಟ್ಟಿಗೇರುತ್ತದೆ.

ಮಿತಿ ಅತಿಯಾದರೂ ಕೇಡೇ. ಆರುನೂರು ಸದಸ್ಯರಿಗೆ ಸಭೆಯ ತಿಳಿವಳಿಕೆ ಕಳುಹಿಸುವ ಸಂಘದ ಕಾರ್ಯದರ್ಶಿ ಕಳ್ಳನಲ್ಲ. ಅಂಥವರಿಗೆ ಬೇರೆಯೇ ಏರ್ಪಾಡು ಮಾಡಿಕೊಡುವುದು ಲೇಸು. ಒಳ್ಳೆಯ ಕಾವಲುಗಾರನು ಕಳ್ಳನನ್ನು ತಡೆಯುವುದಷ್ಟೇ ಅಲ್ಲ, ಮನೆಯವರನ್ನೂ ಗುರುತಿಸಬಲ್ಲವನಾಗಿರಬೇಕು.